ತಪ್ಪಿನ ಪುಟ

ಮಂಗಳವಾರ, ತಾರೀಕು ೧೪
ಕಾಲೇಜಿನ ಲೈಬ್ರರಿ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಕಾಗದ ನೋಡಿದ ಕೂಡಲೇ ಎದೆ ಹಿಡಿದುಕೊಂಡು ಕೂತುಬಿಡಬೇಡ. ನನಗೆ ಜ್ವರ ಬಂದಿಲ್ಲ, ಫೇಲ್ ಆಗಿಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ. ಕಾಲೇಜು ಸೇರಿ ಮೂರು ತಿಂಗಳಾದರೂ ಒಂದು ಕಾಗದ ಬರೆಯಲಿಲ್ಲ, ತಪ್ಪಾಯಿತು. ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನಮ್ಮ ಮಾತು ಎಷ್ಟುದ್ದ ಅಂತ ನಿನಗೂ ಗೊತ್ತು. "ಊಟ ಆಯ್ತಾ?" "ಆಯ್ತು." "ಹುಷಾರಾಗಿದ್ದೀಯಾ?" "ಹ್ಞೂಂ." ಅಷ್ಟರಲ್ಲಿ ನಿನ್ನ ಹಿಂದೆ ಮಿಷನ್ ಕೂಗುತ್ತದೆ, "ಲೋಡ್ ಆಯ್ತು, ಇಡ್ತೀನಿ ಮಗಾ" ಅಂತೀಯ. ನಾನು ಹೇಳಬೇಕಾಗಿರುವುದು ಆ ಸಂದಿಯಲ್ಲಿ ಹಿಡಿಸುವುದಿಲ್ಲ.

ಹಾಸ್ಟೆಲಿನಿಂದ ಆರು ವರ್ಷ, ಪ್ರತಿ ಭಾನುವಾರ, ನಿನಗೆ ಬರೆದ ಕಾಗದಗಳು ನೆನಪಿವೆಯಾ? ವಾರ್ಡನ್ ಮಿಸ್ ಕೆಂಪು ಪೆನ್ ಹಿಡಿದು ಓದಿದ ಮೇಲೇ ಅವು ಕವರಿಗೆ ಹೋಗುತ್ತಿದ್ದದ್ದು. ಆರನೇ ಕ್ಲಾಸಿನಲ್ಲಿ ಒಂದು ಸಲ "ರಾತ್ರಿ ಅಳು ಬರುತ್ತದೆ" ಅಂತ ಬರೆದಿದ್ದೆ. ಮಿಸ್ ಅದರ ಮೇಲೆ ಗೀಟು ಎಳೆದು, "ಅಮ್ಮನಿಗೆ ಯಾಕಮ್ಮ ಬೇಜಾರು ಮಾಡ್ತೀಯ? ಫ್ರೆಶ್ ಆಗಿ ಬರಿ" ಅಂದರು. ಅವತ್ತಿನಿಂದ ನಾನು ಕ್ಷೇಮ, ನೀನೂ ಕ್ಷೇಮ, ಮಾರ್ಕ್ಸ್ ಚೆನ್ನಾಗಿದೆ. ಈ ಕಾಗದವನ್ನು ನಿನಗಿಂತ ಮೊದಲು ಯಾರೂ ಓದುವುದಿಲ್ಲ. ನನ್ನ ಕನ್ನಡಕ್ಕೆ ನಗಬೇಡ, ಅರ್ಧ ಇಂಗ್ಲಿಷ್ ಶಾಲೆಯದು, ಇನ್ನರ್ಧ ನಿನ್ನದು.

ಕಳೆದ ಶುಕ್ರವಾರ ನಿನಗೆ ಬರಲಾಗಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ನಿನ್ನ ಡ್ಯೂಟಿ ನನಗೆ ಗೊತ್ತಿಲ್ವಾ. ಅದು ಬಿಡು, ಬೇರೆ ವಿಷಯ.

ಇಲ್ಲಿ ಶನಿವಾರ, ಭಾನುವಾರ ನಡೆಯುವ ಅಸ್ಟ್ರೋಬಯಾಲಜಿ ಕ್ಲಾಸಿಗೆ ನಾನು ಸಹಾಯಕ್ಕೆ ಸೇರಿದ್ದೇನೆ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ. ನೀನು, "ಜಾತಕ ಬರೆಯೋದನ್ನೂ ಕಾಲೇಜಲ್ಲಿ ಕಲಿಸ್ತಾರಾ?" ಅಂದಿದ್ದೆ. ಮೇಲಿನ ಮಂಚದವಳಿಗೆ (ನನ್ನ ರೂಮ್‌ಮೇಟ್) ಅದನ್ನು ಹೇಳಿದರೆ ಅವಳು ಮಂಚದಿಂದ ಬೀಳುವಷ್ಟು ನಕ್ಕಳು. ಜಾತಕ ಅಲ್ಲಮ್ಮ. ಭೂಮಿ ಬಿಟ್ಟು ಬೇರೆಲ್ಲಾದರೂ ಜೀವ ಇದೆಯಾ, ಇದ್ದರೆ ಹೇಗೆ ಕಂಡುಹಿಡಿಯುವುದು ಅನ್ನೋ ವಿಜ್ಞಾನ. ಎಂಟು ವಾರ, ಹೈಸ್ಕೂಲು ಮಕ್ಕಳಿಗೆ ಪೂರ್ತಿ ಉಚಿತ. ಇಪ್ಪತ್ತಮೂರು ಜನಕ್ಕೆ ಸೀಟು. ಹೊರಗೆ ಕಾಯುವವರ ಪಟ್ಟಿ ಇನ್ನೂರು ದಾಟಿದೆ. ಅದನ್ನು ನಡೆಸುವ ದೊಡ್ಡ ಮೇಡಂ ಮೊದಲ ದಿನವೇ ಹೇಳಿಬಿಟ್ಟರು: "ಬಿಟ್ಟಿ ಸಿಕ್ಕಿದೆ ಅಂತ ಬೇಕಾಬಿಟ್ಟಿ ಮಾಡಿದ್ರೆ ನಿಮ್ಮ ಕುರ್ಚಿ ಮೇಲೆ ಮುಂದಿನ ವಾರ ಬೇರೆಯವರು ಕೂತಿರ್ತಾರೆ."

ನಾನೂ ಒಂಬತ್ತನೇ ಕ್ಲಾಸಿನಲ್ಲಿ ಇದೇ ಕ್ಲಾಸಿಗೆ ಬಂದವಳು. ನೀನು ಮರೆತಿರಬಹುದು. ಶನಿವಾರ ಯಾರ ಮನೆಯಿಂದಲೂ ಯಾರೂ ಬಾರದ ನಾವು ಐದು ಜನ ಹಾಸ್ಟೆಲಿನ ಕಾರಿಡಾರಿನಲ್ಲಿ ಸುಮ್ಮನೆ ಅಲೆಯುವುದನ್ನು ನೋಡಲಾರದೆ ವಾರ್ಡನ್ ಮಿಸ್ ವ್ಯಾನ್ ಹತ್ತಿಸಿ ಕಳಿಸಿದ್ದು. ನನಗೆ ನೆಟ್ಟಗೆ ನಿಲ್ಲುವುದಕ್ಕೆ ಜಾಗ ಸಿಕ್ಕಿದ್ದೇ ಅಲ್ಲಿ. ಈ ಕಾಲೇಜೇ ಬೇಕು ಅಂತ ನಾನು ಹಟ ಹಿಡಿದದ್ದಕ್ಕೂ ಅದೇ ಕಾರಣ.

ಮಕ್ಕಳು ಚೆನ್ನಾಗಿದ್ದಾರೆ. ಒಬ್ಬ ಕೇಳಿದ, "ಮೇಡಂ, ಮಂಗಳನಲ್ಲಿ ಜೀವ ಇದ್ರೆ ಅವಕ್ಕೂ ಎಕ್ಸಾಂ ಇರುತ್ತಾ?" ಮೇಡಂ, "ಬದುಕಿ ಉಳಿಯೋದೇ ಅವಕ್ಕೆ ಎಕ್ಸಾಂ, ಸಪ್ಲಿಮೆಂಟರಿ ಇಲ್ಲ" ಅಂದರು.

ಪ್ರತಿಯೊಬ್ಬರ ನೋಟ್‌ಬುಕ್ಕಿನ ಕೊನೆಯ ಹಾಳೆಗೆ ನಮ್ಮಲ್ಲಿ 'ತಪ್ಪಿನ ಪುಟ' ಅಂತ ಹೆಸರು. ಪ್ರಯೋಗದಲ್ಲಿ ಏನು ತಪ್ಪು ಮಾಡಿದೆವು, ಯಾವಾಗ, ಕಾರಣ ಏನು ಅಂತ ಅಲ್ಲಿ ಬರೆಯಲೇಬೇಕು. ಬರೆದವರಿಗೆ ಬೈಗುಳ ಇಲ್ಲ. ಮುಚ್ಚಿಟ್ಟವರಿಗೆ ಸೀಟಿಲ್ಲ. "ಬೇರೆ ಗ್ರಹದಲ್ಲಿ ಜೀವ ಸಿಕ್ತು ಅಂತ ಕೂಗೋದಕ್ಕೆ ಮುಂಚೆ, ಅದು ನಿಮ್ಮ ಕೈಯ ಕೊಳೆ ಅಲ್ಲ ಅಂತ ತೋರಿಸಿ" ಅನ್ನುವುದು ಮೇಡಂ ದಿನಕ್ಕೆ ಹತ್ತು ಸಲ ಹೇಳುವ ಮಾತು. ಒಬ್ಬ ಹುಡುಗ ತನ್ನ ಪುಟದಲ್ಲಿ, "ಬಾಟಲಿ ಮೇಲೆ ಸೀನಿದೆ. ಕಾರಣ: ನೆಗಡಿ. ಸಾರಿ, ಮಂಗಳ ಗ್ರಹ" ಅಂತ ಬರೆದಿದ್ದಾನೆ.

ಈಗ ನನ್ನ ಕೆಲಸ ಕೇಳು. ನಗುತ್ತೀಯ. ಕುಕ್ಕರ್. ನಿನ್ನ ಆಸ್ಪತ್ರೆಯ ಹಬೆ ರೂಮಿನಲ್ಲಿ ಇರುವಂಥದ್ದೇ, ಸ್ವಲ್ಪ ಚಿಕ್ಕದು. ನೀನು ಕತ್ತರಿ, ಚಿಮಟ, ಬಟ್ಟೆ ಕಟ್ಟು ಇಟ್ಟು ಕ್ರಿಮಿ ಸಾಯಲಿ ಅಂತ ಹಬೆ ಕೊಡುತ್ತೀಯ, ನಾನು ಮರಳು ತುಂಬಿದ ಬಾಟಲಿ ಇಡುತ್ತೇನೆ. ಮೊದಲ ವರ್ಷದವರಲ್ಲಿ ಅದರ ಬೀಗದ ಕೈ ಇರುವುದು ನನ್ನೊಬ್ಬಳ ಹತ್ತಿರ. "ನಿನಗೆ ಹೇಗೆ ಗೊತ್ತು ಇದೆಲ್ಲಾ?" ಅಂತ ಮೇಡಂ ಕೇಳಿದಾಗ, "ನಮ್ಮಮ್ಮನ ಕೆಲಸ ಇದೇ ಮೇಡಂ" ಅಂತ ಎಷ್ಟು ಜಂಭದಿಂದ ಹೇಳಿದೆ ಗೊತ್ತಾ.

ಪ್ರಯೋಗ ಹೀಗೆ. ಹನ್ನೆರಡು ಗುಂಪು, ಗುಂಪಿಗೆ ನಾಲ್ಕು ಬಾಟಲಿ. ಮೂರರಲ್ಲಿ ದೂರದೂರದಿಂದ ಪಾರ್ಸೆಲ್ ಬಂದ ಮಣ್ಣು. ಒಂದು ಉಪ್ಪಿನ ಬಯಲಿನದು, ಒಂದು ಬಿಸಿನೀರಿನ ಬುಗ್ಗೆಯದು, ಒಂದು ಮರಳುಗಾಡಿನದು. ನಾಲ್ಕನೆಯದರಲ್ಲಿ ನಮ್ಮ ಕಾಲೇಜಿನ ಹಿತ್ತಲಿನ ಮರಳು, ಆದರೆ ಕುಕ್ಕರಿನಲ್ಲಿ ಒಂದು ಗಂಟೆ ಬೆಂದು ಪೂರ್ತಿ ಸತ್ತದ್ದು. ಯಾವುದು ಸತ್ತದ್ದು ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ. ಸಿರಿಂಜಿನಿಂದ ನೀಲಿ ಬಣ್ಣದ ಒಂದು ನೀರು ಹಾಕುತ್ತಾರೆ. ಒಳಗೆ ಜೀವ ಇದ್ದರೆ ನೀಲಿ ಹೋಗಿ ಗುಲಾಬಿ ಆಗುತ್ತದೆ. ಸತ್ತ ಮರಳು ನೀಲಿಯಾಗಿಯೇ ಉಳಿಯಬೇಕು.

ಶುಕ್ರವಾರ ಹನ್ನೆರಡು ಸತ್ತ ಬಾಟಲಿ ತಯಾರು ಮಾಡಿ ಹೊರಗೆ ತೆಗೆದೆ. ಹನ್ನೆರಡನೆಯದು ಬುಡದಲ್ಲಿ ಸೀಳಿತ್ತು. ಆಗ ನಾಲ್ಕೂ ಹತ್ತು. ಹೊಸದನ್ನು ತುಂಬಿ ಮತ್ತೆ ಕುಕ್ಕರ್ ಹಾಕಿ, ಅದು ಕಾದು, ಬೆಂದು, ಆರುವುದಕ್ಕೆ ಆರೂ ಕಾಲು ಆಗುತ್ತಿತ್ತು. ನನಗೆ ವಿಪರೀತ ತಲೆನೋವು. ಬೇಗ ಹೋಗಬೇಕಿತ್ತು.

ಆ ಟೇಪು ನಿನಗೆ ಗೊತ್ತು. ಹಬೆ ತಾಗಿದರೆ ಕಪ್ಪು ಪಟ್ಟೆ ಮೂಡುವ ಟೇಪು. ನಾನು ಐದು ವರ್ಷದವಳಾಗಿದ್ದಾಗ ಅದರ ಚೂರುಗಳನ್ನು ಕೈಗೆ ಬಳೆಯ ಹಾಗೆ ಸುತ್ತಿಕೊಂಡು ನಿನ್ನ ಹಬೆ ರೂಮಿನ ಮೂಲೆಯಲ್ಲಿ ಕೂತಿರುತ್ತಿದ್ದೆ. "ಪಟ್ಟೆ ನೋಡಿ ನಂಬಬೇಡ ಮಗಾ, ಗಡಿಯಾರ ನೋಡು" ಅಂತ ಹೊಸ ಹುಡುಗಿಯರಿಗೆ ಹೇಳುವುದನ್ನೇ ನೀನು ನನಗೂ ಹೇಳುತ್ತಿದ್ದೆ.

ನಾನು ಸೀಳಿದ ಬಾಟಲಿಯ ಟೇಪನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಹೊಸ ಬಾಟಲಿಗೆ ಹಸಿ ಮರಳು ತುಂಬಿ, ಮುಚ್ಚಳ ಬಿಗಿದು, ಆ ಪಟ್ಟೆ ಮೂಡಿದ ಟೇಪನ್ನೇ ಅಂಟಿಸಿ, ಉಳಿದವುಗಳ ಹಾಗೆ ಮಕ್ಕಳಿಗೆ ಕಾಣದಿರಲಿ ಅಂತ ಮೇಲೆ ನಂಬರಿನ ಚೀಟಿ ಹಚ್ಚಿದೆ. ಹನ್ನೊಂದರ ಪಕ್ಕ ಇಟ್ಟೆ. ವ್ಯತ್ಯಾಸವೇ ಇಲ್ಲ. ಬೀಗ ಹಾಕಿ ಹೊರಟುಬಿಟ್ಟೆ.

ಬರೆದುಬಿಟ್ಟೆ ನೋಡು. ಕೆಂಪು ಪೆನ್ ಯಾವುದೂ ಬರಲಿಲ್ಲ.

ಹನ್ನೆರಡನೇ ಗುಂಪಿನಲ್ಲಿ ಇರುವುದು ಒಬ್ಬಳೇ. ಇಪ್ಪತ್ತಮೂರು ಬೆಸ ಸಂಖ್ಯೆಯಲ್ವಾ, ಅವಳಿಗೆ ಜೋಡಿ ಸಿಗಲಿಲ್ಲ. ಒಂಬತ್ತನೇ ಕ್ಲಾಸು. ಅವಳ ತಾತ ರಸ್ತೆ ಬದಿಯಲ್ಲಿ ಬೀಗ ರಿಪೇರಿ ಮಾಡುತ್ತಾರೆ, ಇವಳು ಬಾಯಿ ಬಿಡುವುದಿಲ್ಲ, ಎರಡೂ ಸೇರಿ ಮಕ್ಕಳು ಅವಳಿಗೆ 'ಬೀಗ' ಅಂತ ಹೆಸರಿಟ್ಟಿದ್ದಾರೆ. "ಲೇ ಬೀಗಾ, ಕೀಲಿ ಎಲ್ಲಿ ಕಳ್ಕೊಂಡೆ, ಒಂದು ಮಾತಾಡೇ" ಅಂತ ರೇಗಿಸುತ್ತಾರೆ. ಅವಳು ತುಟಿಯ ಮೇಲೆ ಕಿರುಬೆರಳು ತಿರುಗಿಸಿ ಬೀಗ ಹಾಕಿದ ಹಾಗೆ ಮಾಡುತ್ತಾಳೆ, ಅಷ್ಟೇ.

ಭಾನುವಾರ ಬಣ್ಣ ನೋಡುವ ದಿನ. ಅವಳ ನಾಲ್ಕೂ ಬಾಟಲಿ ಗುಲಾಬಿ.

ಮೇಡಂ ಅವಳ ಮೇಜಿನ ಹತ್ತಿರ ಬಂದು ಬಾಟಲಿಗಳ ಪಟ್ಟಿ ನೋಡಿದರು. "ಇದು ಸತ್ತದ್ದು ಕಣಮ್ಮ. ಇದು ನೀಲಿ ಇರಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಹನ್ನೆರಡು ಕುಕ್ಕರಿಗೆ ಹೋಗಿತ್ತು ತಾನೇ?" ಅಂದರು.

ಅಮ್ಮಾ, ಒಂದೇ ಒಂದು ಕ್ಷಣ. ನಾನು "ಹೋಗಿತ್ತು ಮೇಡಂ, ಚೀಟಿ ಎತ್ತಿ ಟೇಪ್ ನೋಡಿ" ಅಂದೆ.

ಮೇಡಂ ಬೈಯಲಿಲ್ಲ. "ಹಾಗಾದ್ರೆ ನಿನ್ನ ಸೂಜಿ ಎಲ್ಲೋ ತಾಗಿದೆ. ತೊಂದರೆಯಿಲ್ಲ, ತಪ್ಪಿನ ಪುಟದಲ್ಲಿ ಬರಿ, ಮುಂದೆ ಹೋಗೋಣ" ಅಂದರು. ಎಲ್ಲರೂ ಬರೆಯುವುದೇ ಅದು, ಅದರಲ್ಲಿ ಅವಮಾನ ಇಲ್ಲ. ಆದರೆ ಬೀಗ ಬಾಯಿ ಬಿಟ್ಟಳು. "ತಾಗಿಲ್ಲ ಮೇಡಂ. ಆಗದೇ ಇದ್ದದ್ದನ್ನ ಹೇಗೆ ಬರೀಲಿ?" ಮಕ್ಕಳೆಲ್ಲ "ಓಹೋ, ಬೀಗ ತೆಗೀತು!" ಅಂತ ಕೂಗಿದರು. ಮೇಡಂ ಮುಖ ಗಟ್ಟಿಯಾಯಿತು. "ಬಾಟಲಿ ಸರಿ ಇದೆ, ನಿನ್ನ ಕೈಯೂ ಸರಿ ಇದೆ ಅಂದ್ರೆ ಮರಳು ಸುಳ್ಳು ಹೇಳ್ತಾ? ಶನಿವಾರದ ತನಕ ಟೈಮ್ ಇದೆ. ಬರೆದುಕೊಂಡು ಬಾ. ಇಲ್ಲದಿದ್ರೆ ಪಟ್ಟಿಯಲ್ಲಿ ಮುಂದಿನವರನ್ನ ಕರೀತೀನಿ."

ಅವಳು ಅಳಲಿಲ್ಲ. ನನ್ನ ಮುಖ ನೋಡಿದಳು. ಅನುಮಾನದಿಂದಲ್ಲ. ಅಕ್ಕ ಏನಾದರೂ ಹೇಳುತ್ತಾಳೆ ಅನ್ನುವ ಹಾಗೆ.

ಈಗ ಲ್ಯಾಬ್ ಇದೆ, ಮುಗಿಸಿಬಂದು ಉಳಿದದ್ದು ಬರೆಯುತ್ತೇನೆ.


ಗುರುವಾರ, ೧೬
ಅದೇ ಟೇಬಲ್

ಕಾಗದ ಇನ್ನೂ ಚೀಲದಲ್ಲೇ ಇದೆ ಅಮ್ಮ. ಅಂಚೆ ಡಬ್ಬಿಯ ತನಕ ಹೋಗಿ ವಾಪಸ್ ಬಂದೆ. ಮೊದಲು ಎಲ್ಲ ಸರಿಮಾಡಿ, ಆಮೇಲೆ "ಹೀಗಾಗಿತ್ತು, ಸರಿಮಾಡಿದೆ" ಅಂತ ನಿನಗೆ ಬರೆಯೋಣ ಅಂದುಕೊಂಡೆ.

ನಿನ್ನೆ ಬೀಗಳ ತಾತನ ಅಂಗಡಿಗೆ ಹೋದೆ. ಅಂಗಡಿ ಅಂದರೆ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಕೊಡೆ, ತಂತಿಯಲ್ಲಿ ನೇತುಹಾಕಿದ ನೂರಾರು ಕೀಲಿ. ನನ್ನ ಪೆಟ್ಟಿಗೆಯ ಕೀಲಿ ಕೊಟ್ಟು "ಇನ್ನೊಂದು ಮಾಡಿಕೊಡಿ ತಾತ" ಅಂದೆ. ತಾತ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕುತ್ತಿಗೆಯಲ್ಲಿ ನೇತಾಡುವ ನನ್ನ ಕಾಲೇಜಿನ ಕಾರ್ಡೂ ನೋಡಿದರು.

"ನೀನೂ ಅಲ್ಲೇ ಓದೋದಾ ತಾಯಿ? ನನ್ನ ಮೊಮ್ಮಗಳು ಬರ್ತಾಳೆ, ಆಕಾಶದ ಕ್ಲಾಸಿಗೆ."

"ಗೊತ್ತು ತಾತ."

"ನೀನಾದ್ರೂ ಒಂದು ಮಾತು ಹೇಳು ಅವಳಿಗೆ. ಏನೋ ಒಂದು ಸಾಲು ಬರೀಬೇಕಂತೆ, ಬರೆಯಲ್ಲ ಅಂತ ಕೂತಿದ್ದಾಳೆ. ನಾನು ಹೇಳ್ದೆ, ದೊಡ್ಡೋರು ಹೇಳಿದ ಮೇಲೆ ಬರೆದುಬಿಡು, ಒಂದು ಸಾಲು ತಾನೇ, ಕೈ ಏನು ಸವೆದುಹೋಗುತ್ತಾ ಅಂತ. ಶನಿವಾರ ಬಂತು ಅಂದ್ರೆ ಈ ಹುಡುಗಿ ಬೆಳಗಾಗೋದಕ್ಕೇ ಕಾಯ್ತಿರಲಿಲ್ಲ. ಈಗ ನೋಡು."

ಅವಳು ಪೆಟ್ಟಿಗೆಯ ಹಿಂದೆಯೇ ಕೂತಿದ್ದಳು, ಶಾಲೆಯ ಸಮವಸ್ತ್ರದಲ್ಲಿ. ಕೈ ನೋಡಿದೆ. ಬೆರಳ ಗಂಟುಗಳ ಮೇಲೆ ಚರ್ಮ ಕೆಂಪಗೆ ಬಿರಿದಿತ್ತು.

"ಕೈಗೇನಾಯ್ತು?"

"ತೊಳೀತಿದ್ದೀನಿ ಅಕ್ಕ" ಅಂದಳು. "ಅವತ್ತು ಹೇಗೆ ತೊಳೆದೆ ಅಂತ ನೆನಪು ಮಾಡ್ಕೊಂಡು ಹಾಗೇ ತೊಳೀತೀನಿ. ಎಲ್ಲಿ ತಪ್ಪಿತು ಅಂತ ಗೊತ್ತಾಗ್ತಿಲ್ಲ. ಮೊದಲು ನನ್ನ ಕೈ ಸರಿ ಅಂತ ಗ್ಯಾರಂಟಿ ಇತ್ತು. ಆದ್ರೆ ಬಾಟಲಿ ಕುಕ್ಕರಿಗೆ ಹೋಗಿದ್ದನ್ನ ನೀವೇ ನೋಡಿದ್ದೀರಲ್ವಾ. ಹಾಗಾದ್ರೆ ನನ್ನ ಕೈಯೇ ಇರಬೇಕು ಅಲ್ವಾ ಅಕ್ಕ?"

ನಾನು ಏನು ಹೇಳಿದೆ ಗೊತ್ತಾ? "ವ್ಯಾಸಲೀನ್ ಹಚ್ಚು" ಅಂದೆ.

ಥೂ. ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತಿದೆ. ಒಂದು ಹುಡುಗಿ ಕಣ್ಣಾರೆ ಕಂಡದ್ದನ್ನು ಬಿಟ್ಟು ನನ್ನ ಬಾಯಿ ಮಾತನ್ನು ನಂಬಿ ತನ್ನ ಕೈಯನ್ನೇ ಉಜ್ಜಿ ಗಾಯ ಮಾಡಿಕೊಳ್ಳುತ್ತಿದ್ದಾಳೆ, ನಾನು ವ್ಯಾಸಲೀನ್ ಹಚ್ಚು ಅಂತ ಬುದ್ಧಿ ಹೇಳಿ ಬಂದಿದ್ದೇನೆ. ಹೊಸ ಕೀಲಿ ತೆಗೆದುಕೊಳ್ಳುವುದನ್ನೂ ಮರೆತು ಓಡಿಬಂದೆ.

ಇವತ್ತು ಬೆಳಿಗ್ಗೆ ಮೇಡಂ ರೂಮಿಗೆ ಹೋದೆ. ಬಾಗಿಲಲ್ಲಿ ನಿಂತು ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಂಡೆ: ಮೇಡಂ, ಹನ್ನೆರಡನೇ ಬಾಟಲಿ ಕುಕ್ಕರಿಗೆ ಹೋಗಿಲ್ಲ. ಇಷ್ಟೇ, ಐದು ಮಾತು. ಒಳಗೆ ಕಾಲಿಟ್ಟೆನೋ ಇಲ್ಲವೋ, ಅವರು ತಲೆ ಎತ್ತಿ, "ಬಾ, ನಿನ್ನ ವಿಷಯವೇ ಬರೀತಿದ್ದೆ" ಅಂದರು. ಎರಡನೇ ವರ್ಷದವರಿಗೆ ಮಾತ್ರ ಕೊಡುವ ಲ್ಯಾಬ್ ಕೆಲಸಕ್ಕೆ ನನ್ನ ಹೆಸರು ಬರೆಯುತ್ತಿದ್ದರಂತೆ. "ನೀನು ಇಟ್ಟ ಬಾಟಲಿಯನ್ನ ನಾನು ತಿರುಗಿ ನೋಡೋದಿಲ್ಲ. ಅಷ್ಟು ನಂಬಿಕೆ. ಏನು ಬಂದಿದ್ದು?"

"ಸೀಮೆಸುಣ್ಣ ಬೇಕಿತ್ತು ಮೇಡಂ."

"ನಮ್ಮ ಬೋರ್ಡಿಗೆ ಮಾರ್ಕರ್ ಅಲ್ವೇನಮ್ಮ?"

"ಹೌದು ಮೇಡಂ, ಮಾರ್ಕರ್."

ಒಂದು ಹಸಿರು ಮಾರ್ಕರ್ ಹಿಡಿದುಕೊಂಡು ಹೊರಗೆ ಬಂದೆ. ಅದರಲ್ಲೇ ಈಗ ಬರೆಯುತ್ತಿರುವುದು, ಪೆನ್ನಿನ ಇಂಕು ಮುಗಿದಿದೆ. ಅಕ್ಷರ ದಪ್ಪವಾಗಿ ಹಿಂದಿನ ಪುಟಕ್ಕೆ ಇಳಿದಿದೆ, ಕ್ಷಮಿಸು.

ಮೇಲಿನ ಮಂಚದವಳಿಗೆ ಎಲ್ಲ ಹೇಳಿದೆ. ಅವಳು ಕಾಲು ಇಳಿಬಿಟ್ಟುಕೊಂಡು ಕೇಳಿ, "ಒಂದು ಬಾಟಲಿ ಮರಳಿಗೆ ಇಷ್ಟೊಂದಾ? ಬಿಡೇ. ಆ ಹುಡುಗಿ ಒಂದು ಸಾಲು ಬರೀತಾಳೆ, ಸೀಟು ಉಳಿಯುತ್ತೆ, ನಿನ್ನ ಹೆಸರೂ ಉಳಿಯುತ್ತೆ, ಎಲ್ಲಾ ಸುಖವಾಗಿರ್ತಾರೆ" ಅಂದಳು. ಕಾಲು ಮೇಲೆಳೆದುಕೊಳ್ಳುತ್ತಾ ಅವಳೇ ಅಂದಳು, "ಆದ್ರೆ ಅವಳು ಬರೆಯದೇ ಹೋದ್ರೆ?"

ಬರೆಯದೇ ಹೋದರೆ ಸೀಟು ಹೋಗುತ್ತದೆ. ಬರೆದರೆ ಇನ್ನೂ ಕೆಟ್ಟದ್ದು ಹೋಗುತ್ತದೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಅವಳು ಕಲಿತುಬಿಡುತ್ತಾಳೆ. ಅದನ್ನು ಕಲಿಸಿದವಳು ನಾನು. ನೀನು ಇಲ್ಲಿ ಇದ್ದಿದ್ದರೆ ಎರಡು ಬಾರಿಸಿ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ನನಗೆ ಅದೇ ಬೇಕು. ಯಾರಾದರೂ ಎಳೆದುಕೊಂಡು ಹೋಗಬೇಕು.


ಶನಿವಾರ, ೧೮
ಬಸ್ ಸ್ಟ್ಯಾಂಡಿನ ಬೆಂಚು, ಸಂಜೆ

ಆಯಿತು ಅಮ್ಮ.

ಬೆಳಿಗ್ಗೆ ಗೇಟಿನಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದೆ. ತಾತ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದರು. ಇಳಿದವರೇ ಕಿಸೆಯಿಂದ ನನ್ನ ಹೊಸ ಕೀಲಿ ತೆಗೆದು, "ಬಿಟ್ಟುಹೋಗಿದ್ದೆಯಲ್ಲ ತಾಯಿ, ಎರಡು ಸಲ ತಿರುಗಿಸಿ ನೋಡು, ಸರಿಬರದಿದ್ರೆ ಮತ್ತೆ ಉಜ್ಜಿಕೊಡ್ತೀನಿ" ಅಂದರು. ಆಮೇಲೆ ಮೊಮ್ಮಗಳ ಬೆನ್ನು ತಟ್ಟಿ, "ಬರೆದಿದ್ದಾಳೆ, ಬರೆದಿದ್ದಾಳೆ. ನನ್ನ ಬಂಗಾರ" ಅಂದರು. ಎಷ್ಟು ಖುಷಿಯಾಗಿದ್ದರು ಗೊತ್ತಾ.

ಅವಳು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. "ಮೇಡಂಗೆ ನೀವೇ ಕೊಡಿ ಅಕ್ಕ."

ತಪ್ಪಿನ ಪುಟ ತೆಗೆದು ನೋಡಿದೆ. 'ಬಾಟಲಿ ೧೨. ನನ್ನ ಸೂಜಿ ಮುಚ್ಚಳಕ್ಕೆ ತಾಗಿತು.' ಅದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿ, ಮೂರನೇ ಸಲ ಬರೆದಿದ್ದಳು. ಹಾಳೆ ತೂತು ಬೀಳುವುದು ಬಾಕಿ. ಕೆಳಗೆ, ಕಾರಣ ಅನ್ನುವ ಕಡೆ: 'ಗೊತ್ತಿಲ್ಲ.'

ಹಾಜರಿ ಪುಸ್ತಕ ಅಲ್ಲೇ ಬಿಟ್ಟು ಒಳಗೆ ಹೋದೆ. ಮೇಡಂ ಹಾಲ್‌ನಲ್ಲಿ ಪ್ರೊಜೆಕ್ಟರ್ ಸರಿಮಾಡುತ್ತಿದ್ದರು, ಅರ್ಧ ಮಕ್ಕಳು ಆಗಲೇ ಕೂತಿದ್ದರು. ಪಕ್ಕಕ್ಕೆ ಕರೆದು ಹೇಳೋಣ ಅಂದುಕೊಂಡೆ, ಆದರೆ ಪಕ್ಕಕ್ಕೆ ಹೋದರೆ ಮತ್ತೆ ಮಾರ್ಕರ್ ಕೇಳಿಬಿಡುತ್ತೇನೆ ಅನ್ನಿಸಿತು. ನಿಂತಲ್ಲೇ ಜೋರಾಗಿ ಹೇಳಿದೆ. "ಮೇಡಂ, ಹನ್ನೆರಡನೇ ಬಾಟಲಿ ಕುಕ್ಕರಿಗೆ ಹೋಗಿಲ್ಲ. ಒಡೆದ ಬಾಟಲಿಯ ಟೇಪ್ ನಾನೇ ಅಂಟಿಸಿದ್ದು. ಅವಳ ಕೈ ಸರಿಯಾಗಿದೆ."

ಪರದೆಯ ಮೇಲೆ ಯಾವುದೋ ಗ್ರಹದ ಮಂಜಿನ ಚಂದ್ರ ಇತ್ತು. ಮೇಡಂ ಅದರ ಬೆಳಕಿನಲ್ಲಿ ನಿಂತಿದ್ದರು, ಅವರ ಮುಖ ಅರ್ಧ ನೀಲಿ. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತಿದ್ದ ಬೀಗಳನ್ನು ಹತ್ತಿರ ಕರೆದು, ನನ್ನ ಕೈಯಿಂದ ಅವಳ ನೋಟ್‌ಬುಕ್ಕು ಇಸಿದುಕೊಂಡು, ಆ ಮೂರೂ ಸಾಲುಗಳ ಮೇಲೆ ತಾವೇ ಒಂದು ಗೀಟು ಎಳೆದರು. "ನೀನು ಕಂಡದ್ದು ಸರಿ. ನಾನು ನಿನ್ನನ್ನ ನಂಬಬೇಕಿತ್ತು, ಟೇಪನ್ನ ಅಲ್ಲ. ಇದನ್ನ ನನ್ನ ತಪ್ಪಿನ ಪುಟದಲ್ಲಿ ಬರ್ಕೋತೀನಿ" ಅಂದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಕುಕ್ಕರ್ ರೂಮಿನ ಬೀಗದ ಕೈ ಕೊಟ್ಟೆ. ನನ್ನ ಕಿಸೆಯಲ್ಲಿ ತಾತ ಕೊಟ್ಟ ಕೀಲಿಯೂ ಇತ್ತು, ಗಡಿಬಿಡಿಯಲ್ಲಿ ಮೊದಲು ಅದನ್ನೇ ಕೊಟ್ಟೆ, ಮಕ್ಕಳು ಯಾರೋ ಕಿಸಕ್ಕೆಂದರು.

ಬೀಗ ನನ್ನ ಹತ್ತಿರ ಬಂದಳು. ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಏನು ಗೊತ್ತಾ? "ಹಾಗಾದ್ರೆ ಅದರೊಳಗಿದ್ದ ಜೀವ ಯಾರದು ಅಕ್ಕ?"

"ನಮ್ಮ ಹಿತ್ತಲಿನದೇ" ಅಂದೆ. "ಸಾಯಿಸದೇ ಬಿಟ್ಟಿದ್ದೆ."

"ನಿಜವಾದದ್ದೇ ಸಿಕ್ಕಿತ್ತು ನನಗೆ" ಅಂದಳು. ಒಂದು ಚೂರು ನಗೆ ಬಂತು ಅವಳ ಮುಖದಲ್ಲಿ. ಆಮೇಲೆ ಆ ನಗೆ ಹೋಯಿತು. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು, ಹೊಸಬರನ್ನು ನೋಡುವ ಹಾಗೆ. ಹೋಗಿ ಅವಳ ಕುರ್ಚಿಯಲ್ಲಿ ಕೂತಳು. ಅಷ್ಟೇ ಅಮ್ಮ. 'ಅಕ್ಕ' ಅಂತ ಇನ್ನೊಂದು ಸಲ ಕರೆಯಲಿಲ್ಲ. ಸಂಜೆಯ ತನಕ ಕಾದೆ.

ಸಹಾಯಕ್ಕೆ ಬರುವವರಿಗೂ ಒಂದು ರಿಜಿಸ್ಟರ್ ಇದೆ, ಅದರಲ್ಲೂ ತಪ್ಪಿನ ಪುಟ ಇದೆಯಂತೆ. ಯಾರೂ ಇದುವರೆಗೆ ತೆರೆದಿರಲಿಲ್ಲ. ಮೇಡಂ ಮುಂದೆ ಕೂತು ಬರೆದೆ. ಬಾಟಲಿ ಸಂಖ್ಯೆ, ದಿನ, ಏನಾಯಿತು. ಕಾರಣ ಅನ್ನುವ ಜಾಗದಲ್ಲಿ 'ತಲೆನೋವು' ಅಂತ ಬರೆದೆ. ಮೇಡಂ ಓದಿ, "ಇಷ್ಟೇನಾ?" ಅಂದರು. "ಇಷ್ಟೇ ಮೇಡಂ" ಅಂದೆ. ಲ್ಯಾಬ್ ಕೆಲಸದ ಕಾಗದ ಹರಿಯಲಿಲ್ಲ, ಡ್ರಾಯರಿನಲ್ಲಿ ಹಾಕಿ ಮುಚ್ಚಿದರು. "ಈ ವರ್ಷ ಇನ್ನು ಬರಬೇಡ. ಮುಂದಿನ ವರ್ಷ ನೋಡೋಣ" ಅಂದರು. ಮುಂದಿನ ವರ್ಷ ಅನ್ನುವುದು ಕರುಣೆಯೋ, ಮರ್ಯಾದೆಗೆ ಹೇಳಿದ ಮಾತೋ ಗೊತ್ತಾಗಲಿಲ್ಲ.

ಹಾಗಾಗಿ ನಾಳೆ ನನಗೆ ಕೆಲಸ ಇಲ್ಲ. ಮುಂದಿನ ಶನಿವಾರವೂ ಇಲ್ಲ, ಅದರಾಚೆಯದೂ ಇಲ್ಲ. ಹುಡುಗಿಯ ಸೀಟು ಉಳಿಯಿತು, ಅದನ್ನೇ ಹತ್ತು ಸಲ ಹೇಳಿಕೊಳ್ಳುತ್ತಿದ್ದೇನೆ. ಆದರೂ ಎದೆ ಹಗುರಾಗಿಲ್ಲ. ತಪ್ಪು ಒಪ್ಪಿಕೊಂಡರೆ ಹಗುರಾಗುತ್ತದೆ ಅಂತಾರಲ್ಲ, ಯಾರಮ್ಮ ಹಾಗೆ ಹೇಳಿದ್ದು, ಅವರನ್ನು ಒಂದು ಸಲ ಇಲ್ಲಿಗೆ ಕಳಿಸು.

ನೀನು ನನ್ನನ್ನು ಬೈ. ಪಟ್ಟೆ ನೋಡಿ ನಂಬಬೇಡ ಅಂತ ಕಲಿಸಿದ ನಿನ್ನ ಮಗಳೇ ಪಟ್ಟೆ ಅಂಟಿಸಿದಳು ಅಂತ ಬೈ. ಆದರೆ ಫೋನಿನಲ್ಲಿ ಬೇಡ, ಬರೆದು ಬೈ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ, ನಿನ್ನ ನೋವು ಇಳಿಯಲಿ, ನಿನ್ನ ಆಮೇಲಿನ ಶಿಫ್ಟಿನವಳಿಗೆ ದೇವರು ಒಂದು ಒಳ್ಳೆ ಅಲಾರಾಂ ಕೊಡಲಿ. ಮಿಷನ್ ಮುಚ್ಚಿದ ಮೇಲೆ ಪ್ರತಿ ಸಲ ಬಾಗಿಲ ಮೇಲೆ ಒಂದು ಗಳಿಗೆ ಕೈ ಇಟ್ಟು ತೆಗೆಯುತ್ತೀಯಲ್ಲ, ಸರಿಯಾಗಿ ಬೇಯಲಿ ಅನ್ನುವ ಹಾಗೆ, ಈ ಕಾಗದ ಓದಿ ಮಡಿಸಿದ ಮೇಲೆ ಇದರ ಮೇಲೂ ಒಂದು ಸಲ ಹಾಗೆ ಕೈ ಇಡು. ನನಗೆ ತಲುಪುತ್ತದೆ.

ಪಾತ್ರೆಗೆ ಅಂಟಿಕೊಂಡ ಹಾಗೆ ನಿನಗೇ ಅಂಟಿಕೊಂಡಿರ್ತಾಳೆ ಅಂತ ಹಬೆ ರೂಮಿನವರೆಲ್ಲ ಹೆಸರಿಟ್ಟಿದ್ದ,
ನಿನ್ನ
ಮುಚ್ಚಳ


ವಿ. ಸೂ.: ತಲೆನೋವು ಇರಲಿಲ್ಲ ಅಮ್ಮ. ರಿಜಿಸ್ಟರಿನಲ್ಲಿ ಬರೆದದ್ದೂ ಸುಳ್ಳು, ಈ ಕಾಗದದ ಮೊದಲಿಗೆ ಬರೆದದ್ದೂ ಸುಳ್ಳು. ಆ ಶುಕ್ರವಾರ ಐದೂವರೆ ಬಸ್ಸಿಗೆ ಬರುತ್ತೇನೆ ಅಂದಿದ್ದೆಯಲ್ಲ. ನಾನು ಟೇಪ್ ಅಂಟಿಸಿ ಓಡಿದ್ದು ಅದಕ್ಕೆ. ನೀನು ಇಳಿಯುವಾಗ ನಾನು ಎದುರಿಗೇ ಇರಬೇಕು, ನೀನು ಒಂದು ನಿಮಿಷವೂ ಒಬ್ಬಳೇ ನಿಂತು ಹುಡುಕಬಾರದು ಅಂತ. ಈಗ ಕೂತಿರುವ ಇದೇ ಬೆಂಚಿನಲ್ಲಿ ಕೂತು ಐದೂವರೆಯದು ನೋಡಿದೆ, ಆರೂ ಹತ್ತರದು ನೋಡಿದೆ, ಆರೂ ಐವತ್ತರದೂ ನೋಡಿದೆ. ಆಮೇಲೆ ನಿನ್ನ ಫೋನ್ ಬಂತು. "ಮುಂದಿನ ಶಿಫ್ಟಿನವಳು ಬರಲಿಲ್ಲ ಮಗಾ, ಲೋಡ್ ಒಳಗಿತ್ತು, ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ?" "ಪರವಾಗಿಲ್ಲಮ್ಮ" ಅಂದೆ. ಆರು ವರ್ಷ ಹಾಸ್ಟೆಲಿನಲ್ಲಿ ಪ್ರತಿ ಶನಿವಾರ ಅಂದ ಹಾಗೆಯೇ ಅಂದೆ. ಒಂದೇ ಹೊತ್ತಿನಲ್ಲಿ ಇಬ್ಬರೂ ಕುಕ್ಕರ್ ಮುಂದೆ ನಿಂತಿದ್ದೆವು. ನೀನು ಬಿಟ್ಟು ಬರಲಿಲ್ಲ. ನಾನು ಬಿಟ್ಟು ಬಂದೆ. ನೀನು ಮಾಡಿದ್ದೇ ಸರಿ, ಗೊತ್ತು, ಆ ಕತ್ತರಿ ಯಾರದೋ ಹೊಟ್ಟೆಯೊಳಗೆ ಹೋಗುವುದು. ಆದರೂ ಕೇಳುತ್ತೇನೆ, ಕೇಳದೆ ಇದ್ದರೆ ಸತ್ತುಹೋಗುತ್ತೇನೆ ಅನ್ನಿಸುತ್ತಿದೆ. ಇಷ್ಟು ಶನಿವಾರಗಳಲ್ಲಿ ಒಂದೇ ಒಂದು ಸಲ, ನನಗೋಸ್ಕರ, ನೀನು ತಪ್ಪು ಮಾಡಬಾರದಿತ್ತಾ ಅಮ್ಮ?